ಸೇವೆಯೂ ಶಿಷ್ಯತ್ವವೂ: ಫ್ರೆಡೆರಿಕ್ ಓಜಾನಾಮನ ನಿದರ್ಶನ

ಕ್ರೈಸ್ತರ ಸೇವಾಕಾರ್ಯಗಳ ಪ್ರಸ್ತಾಪ ಬಂದಾಗ ಕನ್ನಡದ ವಿದ್ವದ್ವಲಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಒಂದು ಕೃತಜ್ಞತೆಯ ಮಾತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್, 1843ರ ‘ಮಂಗಳೂರ ಸಮಾಚಾರ’, ಕೇಶಿರಾಜನ ‘ಶಬ್ದಮಣಿದರ್ಪಣ’ದ ಸಂಪಾದನೆ, 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು, ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಆರಂಭಿಸಿದ ಔಷಧಾಲಯ, ಇವೆಲ್ಲ ನಾಡಿಗೆ ಸಂದ ಕೊಡುಗೆಗಳು ಎಂಬುದು ಅದರ ಸಾರ. ಇನ್ನೊಂದು ಸಂಶಯದ ಮಾತು. ಈ ಎಲ್ಲ ಉಪಕಾರದ ಹಿಂದೆ ಮತಾಂತರದ ಉದ್ದೇಶವಿತ್ತು, ಆದುದರಿಂದ ಉಪಕಾರವನ್ನು ಉಪಕಾರವೆಂದೇ ಎಣಿಸಲಾಗದು ಎಂಬುದು ಇದರ ಸಾರ. ಎರಡೂ ಪಕ್ಷಗಳಿಗೆ ಬೇಕಾದಷ್ಟು ಆಧಾರಗಳು ದೊರೆಯುವುದರಿಂದ ಈ ವಾದ ಬೇಗ ಮುಗಿಯುವಂಥದಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಮ್ಮತದವರೇ: ಸೇವೆಯೆಂಬುದು ಒಂದು ಸಾಧನ. ಒಬ್ಬರಿಗೆ ಅದು ನಾಗರಿಕತೆಯ ಸಾಧನ, ಮತ್ತೊಬ್ಬರಿಗೆ ಮತಪ್ರಸಾರದ ಸಾಧನ. ಸೇವೆ ಮಾಡಿದವನು ಅದರಿಂದ ಏನನ್ನು ಕಲಿತ, ಕಲಿಯಲೆಂದೇ ಆತ ಆ ಕೆಲಸಕ್ಕೆ ಕೈಹಾಕಿದನೆ ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಕ್ರೈಸ್ತ ಪರಂಪರೆಯ ಒಳಗಿನಿಂದ ನೋಡಿದರೆ ಅದೇ ಮೊದಲ ಪ್ರಶ್ನೆ.

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಶಿಷ್ಯನಿಗೆ ಬಳಕೆಯಾಗಿರುವ ಪದ ‘ಮಾಥೆಟೆಸ್’. ಕಲಿಕೆಯನ್ನು ಸೂಚಿಸುವ ಧಾತುವಿನಿಂದ ಬಂದ ಈ ಪದಕ್ಕೆ ‘ಕಲಿಯುವವನು’ ಎಂಬುದೇ ನೇರವಾದ ಅರ್ಥ. ಸೇವೆಗೆ ಬಳಕೆಯಾಗಿರುವ ಪದ ‘ಡಿಯಾಕೊನಿಯ’. ಊಟಕ್ಕೆ ಕುಳಿತವರಿಗೆ ಬಡಿಸುವ ಆಳಿನ ಕೆಲಸ ಅದರ ವಾಡಿಕೆಯ ಅರ್ಥಗಳಲ್ಲೊಂದು. ಕನ್ನಡದಲ್ಲಿ ‘ಸೇವೆ’ ಎಂಬ ಶಬ್ದ ಬಹುಕಾಲದಿಂದ ಗೌರವದ ಪೀಠವನ್ನೇರಿ ಕುಳಿತಿದೆ. ಸಂಗೀತ ಸೇವೆ, ಸಾಹಿತ್ಯ ಸೇವೆ, ಸಮಾಜ ಸೇವೆ ಎನ್ನುವಾಗ ಸೇವಕನ ತಲೆ ಬಾಗುವುದಕ್ಕಿಂತ ಅವನ ಕೊರಳಿಗೆ ಹಾರ ಬೀಳುವುದೇ ಹೆಚ್ಚು. ಗ್ರೀಕ್ ಪದದ ಮೂಲ ಭಾವಕ್ಕೆ ಹತ್ತಿರದ ಕನ್ನಡ ಶಬ್ದ ‘ಊಳಿಗ’ವೇ ಇರಬೇಕು. ‘ಸ್ವಯಂಸೇವೆ’ ಎಂಬ ಈಚಿನ ಸಮಾಸದಲ್ಲಂತೂ ‘ಸ್ವಯಂ’ ಎಂಬುದು ಮುಂದೆ ಬಂದು ನಿಂತಿದೆ. ತಾನಾಗಿಯೇ ಮಾಡುವ ಸೇವೆ ಎಂಬ ಅದರ ಅರ್ಥ ನಿರ್ದುಷ್ಟವಾದರೂ, ತನಗೇ ಮಾಡಿಕೊಳ್ಳುವ ಸೇವೆ ಎಂಬ ಇನ್ನೊಂದು ವಿಗ್ರಹವಾಕ್ಯಕ್ಕೂ ಅಲ್ಲಿ ಎಡೆಯಿದೆ. ಅನೇಕ ಸಂದರ್ಭಗಳಲ್ಲಿ ಎರಡನೆಯದೇ ಹೆಚ್ಚು ಹೊಂದುತ್ತದೆ.

ಈ ಎರಡು ಗ್ರೀಕ್ ಪದಗಳು ಒಂದೆಡೆ ಸೇರುವ ಸ್ಥಳ ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದ ಪ್ರಸಂಗ. ಗುರುವು ಊಟದ ನಡುವೆ ಎದ್ದು, ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತುಂಬಿ ಶಿಷ್ಯರ ಕಾಲು ತೊಳೆಯುತ್ತಾನೆ. ಪೇತ್ರ ಪ್ರತಿಭಟಿಸುತ್ತಾನೆ. ಅವನ ಪ್ರತಿಭಟನೆ ಸಹಜವಾದದ್ದು. ಗುರುವಿನ ಸ್ಥಾನ ಎಲ್ಲಿ, ಶಿಷ್ಯನ ಸ್ಥಾನ ಎಲ್ಲಿ ಎಂಬುದನ್ನು ಬಲ್ಲ ಯಾವ ಶಿಷ್ಯನೂ ಅದನ್ನೇ ಹೇಳುತ್ತಿದ್ದ. ಆದರೆ ಆ ಪ್ರಸಂಗದಲ್ಲಿ ಕಾಲು ತೊಳೆಸಿಕೊಳ್ಳದವನಿಗೆ ಗುರುವಿನೊಡನೆ ಪಾಲಿಲ್ಲ. ಕೊಡುವುದನ್ನು ಕಲಿಯುವ ಮುನ್ನ ಪಡೆಯುವುದನ್ನು ಕಲಿಯಬೇಕೆಂಬ ಈ ಕ್ರಮ ಗಮನಾರ್ಹ.

ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದ ಪ್ರಸಂಗ ಇನ್ನಷ್ಟು ಕುತೂಹಲಕರ. ಜೆರುಸಲೇಮಿನ ಸಭೆಯಲ್ಲಿ ಗ್ರೀಕ್ ಭಾಷೆಯನ್ನಾಡುವ ವಿಧವೆಯರಿಗೆ ದಿನದಿನದ ಆಹಾರ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ದೂರು ಏಳುತ್ತದೆ. ಹನ್ನೆರಡು ಮಂದಿ ಅಪೊಸ್ತಲರು, ತಾವು ದೇವರ ವಾಕ್ಯವನ್ನು ಬಿಟ್ಟು ಬಡಿಸುವ ಕೆಲಸಕ್ಕೆ ನಿಲ್ಲುವುದು ಯುಕ್ತವಲ್ಲವೆಂದು ಹೇಳಿ, ಅದಕ್ಕಾಗಿ ಏಳು ಜನರನ್ನು ಆರಿಸುವಂತೆ ಸಭೆಗೆ ಸೂಚಿಸುತ್ತಾರೆ. ವಾಕ್ಯ ಒಂದು ಕಡೆ, ಊಟದ ಮೇಜು ಇನ್ನೊಂದು ಕಡೆ ಎಂಬ ವಿಭಜನೆ ಇಲ್ಲಿಂದ ಆರಂಭವಾಯಿತೆಂದು ಹೇಳುವುದುಂಟು. ಆದರೆ ಕಥನ ಈ ವಿಭಜನೆಯನ್ನು ತಾನೇ ಉಳಿಸಿಕೊಳ್ಳುವುದಿಲ್ಲ. ಬಡಿಸಲೆಂದು ಆಯ್ಕೆಯಾದ ಏಳು ಜನರಲ್ಲಿ ಸ್ತೆಫನನೇ ಮುಂದಿನ ಪುಟದಲ್ಲಿ ಆ ಗ್ರಂಥದ ಅತಿ ದೀರ್ಘವಾದ ಭಾಷಣವನ್ನು ಮಾಡಿ ಕಲ್ಲೇಟಿಗೆ ಬಲಿಯಾಗುತ್ತಾನೆ. ಫಿಲಿಪ್ಪನು ಸಮಾರ್ಯಕ್ಕೆ ಹೋಗಿ ಬೋಧಿಸುತ್ತಾನೆ. ಮೇಜಿನ ಬಳಿ ನಿಂತವರಿಗೇ ವಾಕ್ಯ ಒಲಿಯಿತೆಂದು ಕಥನಕಾರ ಬಾಯಿಬಿಟ್ಟು ಹೇಳಿಲ್ಲ. ಪ್ರಸಂಗಗಳನ್ನು ಅವನು ಜೋಡಿಸಿರುವ ಕ್ರಮ ಹಾಗೆ ಹೇಳುತ್ತದೆ.

ಇತಿಹಾಸದಲ್ಲಿ ಮಾತ್ರ ವಿಭಜನೆಯೇ ಮೇಲುಗೈ ಪಡೆಯಿತು. ಆರನೆಯ ಶತಮಾನದ ಬೆನೆಡಿಕ್ಟನ ಮಠನಿಯಮಾವಳಿಯಲ್ಲಿ ಅಡುಗೆಮನೆಯ ಕೆಲಸ ವಾರಕ್ಕೊಬ್ಬರಂತೆ ಸರದಿಯ ಮೇಲೆ ಎಲ್ಲ ಸನ್ಯಾಸಿಗಳಿಗೂ ಬರುತ್ತದೆ. ಸರದಿ ಮುಗಿಸಿದವನು ಶನಿವಾರ ಒರೆಸುವ ಬಟ್ಟೆಗಳನ್ನು ಒಗೆದು, ಪಾತ್ರೆಗಳನ್ನು ಶುಚಿಮಾಡಿ ಒಪ್ಪಿಸಬೇಕು; ಬರುವವನೂ ಹೋಗುವವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಯೋಹಾನನ ಪ್ರಸಂಗ ಇಲ್ಲಿ ವಾರದ ದಿನಚರಿಯಾಗಿದೆ. ಆದರೆ ಇದು ಮಠದ ಗೋಡೆಯೊಳಗಿನ ಮಾತು. ಗೋಡೆಯ ಹೊರಗಿದ್ದ ಗೃಹಸ್ಥ ಕ್ರೈಸ್ತನ ಪಾಲಿಗೆ ಉಳಿದದ್ದು ಹಣ ಕೊಡುವುದು, ಪ್ರಾರ್ಥಿಸುವುದು ಮತ್ತು ವಿಧೇಯನಾಗಿರುವುದು. ಶಿಷ್ಯತ್ವವೆಂಬುದು ಮಠವಾಸಿಗಳ ವೃತ್ತಿಯಾಯಿತು, ಸೇವೆ ಅವರ ಸಂಸ್ಥೆಗಳ ಕೆಲಸವಾಯಿತು.

ಈ ಗೋಡೆಯನ್ನು ದಾಟಿದವರಲ್ಲಿ ಫ್ರಾನ್ಸಿನ ವಿನ್ಸೆಂಟ್ ದೆ ಪಾಲ್ ಮುಖ್ಯನಾದವನು. 1617ರಲ್ಲಿ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಪಾದ್ರಿಯಾಗಿದ್ದಾಗ, ಊರಾಚೆಯ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿರುವ ಸಂಗತಿಯನ್ನು ಆತ ಪ್ರವಚನದಲ್ಲಿ ತಿಳಿಸಿದ. ಅಂದು ಮಧ್ಯಾಹ್ನ ಊರಿಗೆ ಊರೇ ಆಹಾರ ಹೊತ್ತು ಅಲ್ಲಿಗೆ ಹೊರಟಿತು. ಆತ ಕಂಡುಕೊಂಡದ್ದು ಇಷ್ಟು: ಕರುಣೆಗೆ ಬರವಿಲ್ಲ, ವ್ಯವಸ್ಥೆಗೆ ಬರವಿದೆ, ಇಂದು ಬಂದದ್ದು ಕೆಡುತ್ತದೆ, ನಾಳೆ ಮತ್ತೆ ಉಪವಾಸ. ಊರಿನ ಹೆಂಗಸರನ್ನು ಸೇರಿಸಿ ಸರದಿಯ ಮೇಲೆ ರೋಗಿಗಳಿಗೆ ಊಟ ಒಯ್ಯುವ ಸಂಘವೊಂದನ್ನು ಆತ ಕಟ್ಟಿದ. ಆ ಸಂಘಕ್ಕೆಂದು ಬರೆದ ನಿಯಮಗಳು ಗದ್ಯದ ದೃಷ್ಟಿಯಿಂದಲೂ ಓದಿಗೆ ಅರ್ಹವಾದವು. ಹಾಸಿಗೆಯ ಮೇಲೆ ಹಲಗೆಯಿಟ್ಟು ಬಟ್ಟೆ ಹಾಸುವುದು, ರೋಗಿಯ ಕೈ ತೊಳೆಸುವುದು, ಚಮಚ ಎಲ್ಲಿಡುವುದು ಎಂಬಷ್ಟು ವಿವರ ಅಲ್ಲಿದೆ. ಮನೆಯಲ್ಲಿ ಜೊತೆಗಾರರಿರುವ ರೋಗಿಗಳಿಂದ ಆರಂಭಿಸಿ, ಯಾರೂ ಇಲ್ಲದ ರೋಗಿಯ ಬಳಿಗೆ ಕೊನೆಯಲ್ಲಿ ಹೋಗಬೇಕು, ಅಲ್ಲಿ ಹೆಚ್ಚು ಹೊತ್ತು ಕೂರಲು ಅನುಕೂಲವಾಗುತ್ತದೆ ಎಂಬುದು ಅದರಲ್ಲೊಂದು ನಿಯಮ. ದೇವತಾಶಾಸ್ತ್ರದ ಎಷ್ಟೋ ಹೊತ್ತಗೆಗಳಲ್ಲಿ ಇಲ್ಲದ ಸೂಕ್ಷ್ಮ ಈ ಒಂದು ಸೂಚನೆಯಲ್ಲಿದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿಂದ ಮುಂದಿನ ಕಥೆ ವಿಶೇಷವಾಗಿ ಸಂಬಂಧಿಸಿದ್ದು. ಇದರ ನಾಯಕ ಫ್ರೆಡೆರಿಕ್ ಓಜಾನಾಮ್, ಸಾರ್ಬಾನ್ ವಿದ್ಯಾಪೀಠದಲ್ಲಿ ವಿದೇಶೀ ಸಾಹಿತ್ಯದ ಪ್ರಾಧ್ಯಾಪಕನಾಗಿದ್ದವನು, ಡಾಂಟೆಯ ವಿದ್ವಾಂಸ. 1813ರಲ್ಲಿ ಮಿಲಾನಿನಲ್ಲಿ ಹುಟ್ಟಿ ಲಿಯೋಂ ನಗರದಲ್ಲಿ ಬೆಳೆದ ಈತ 1831ರ ಕೊನೆಗೆ ಕಾನೂನು ಓದಲು ಪ್ಯಾರಿಸ್ಸಿಗೆ ಬಂದ. ಅಲ್ಲಿ ಆಶ್ರಯ ದೊರೆತದ್ದು ವಿದ್ಯುತ್ ಶಾಸ್ತ್ರಕ್ಕೆ ತನ್ನ ಹೆಸರನ್ನೇ ಕೊಟ್ಟ ಭೌತವಿಜ್ಞಾನಿ ಆಂಪೇರನ ಮನೆಯಲ್ಲಿ. ಮರುವರ್ಷ ಕಾಲರಾ ಹರಡಿ ಪ್ಯಾರಿಸ್ಸಿನಲ್ಲಿ ಸಾವಿರಾರು ಜನ ಸತ್ತರು. ವಿಶ್ವವಿದ್ಯಾಲಯದ ವಾತಾವರಣದಲ್ಲಿ ಕ್ರೈಸ್ತಧರ್ಮ ಹಳೆಯ ಕಾಲದ ಅವಶೇಷವೆಂಬ ಭಾವನೆ ಬಲವಾಗಿತ್ತು. ಓಜಾನಾಮನೂ ಅವನ ಗೆಳೆಯರೂ ಇತಿಹಾಸ ಚರ್ಚಾಗೋಷ್ಠಿಯೊಂದರಲ್ಲಿ ಅದಕ್ಕೆ ಉತ್ತರ ಕೊಡುತ್ತಿದ್ದರು. ಮಧ್ಯಯುಗದ ಆಸ್ಪತ್ರೆಗಳು, ಶಾಲೆಗಳು, ಗುಲಾಮರ ಬಿಡುಗಡೆ ಇತ್ಯಾದಿ ವಾದಗಳು ಅವರಲ್ಲಿ ಸಿದ್ಧವಾಗಿದ್ದವು. ಎದುರು ಪಕ್ಷದವರು, ಅವರಲ್ಲಿ ಸಾಂ ಸಿಮೋನ್ ಪಂಥದ ಯುವಕರೂ ಇದ್ದರು, ಒಂದು ಸರಳ ಪ್ರಶ್ನೆ ಹಾಕಿದರು: ಹಿಂದೆ ಮಾಡಿದ್ದು ಸರಿ, ಈಗ ನೀವು ಏನು ಮಾಡುತ್ತಿದ್ದೀರಿ?

ಈ ಪ್ರಶ್ನೆಯಿಂದ ಚರ್ಚೆ ಮುರಿಯಿತು. ಪರಂಪರೆಯ ವೈಭವವನ್ನು ವರ್ಣಿಸುತ್ತ ಕಾಲ ಕಳೆಯುವ ಎಲ್ಲ ಧರ್ಮಗಳ ವಿದ್ವಾಂಸರಿಗೂ ಇದು ತಟ್ಟಬೇಕಾದ ಪ್ರಶ್ನೆ. 1833ರ ಏಪ್ರಿಲ್ 23ರಂದು, ಅಂದರೆ ಓಜಾನಾಮನಿಗೆ ಇಪ್ಪತ್ತು ತುಂಬಿದ ದಿನ, ಆರು ಮಂದಿ ವಿದ್ಯಾರ್ಥಿಗಳು ಎಮಾನ್ಯುಯೆಲ್ ಬೈಯಿ ಎಂಬ ಹಿರಿಯ ಪತ್ರಕರ್ತನ ಕಚೇರಿಯಲ್ಲಿ ಸೇರಿದರು. ಮುಂದೆ ‘ಸಂತ ವಿನ್ಸೆಂಟ್ ದೆ ಪಾಲ್ ಸಂಘ’ವೆಂದು ಹೆಸರಾದದ್ದು ಇದೇ. ಓಜಾನಾಮನೂ ಅವನ ಗೆಳೆಯ ಲ ತಾಯಾಂದಿಯೇಯೂ ಚಳಿಗಾಲ ಕಳೆದು ತಮ್ಮಲ್ಲಿ ಉಳಿದಿದ್ದ ಸೌದೆಯನ್ನು ಬಡ ಕುಟುಂಬವೊಂದಕ್ಕೆ ಹೊತ್ತೊಯ್ದು ಕೊಟ್ಟರೆಂದು ಸಂಘದ ಚರಿತ್ರೆಗಳು ಹೇಳುತ್ತವೆ.

ಹುಡುಗರಿಗೆ ಉತ್ಸಾಹವಿತ್ತು, ದಾರಿ ತಿಳಿದಿರಲಿಲ್ಲ. ಅದನ್ನು ತೋರಿಸಿದವಳು ಮೂಫ್ತಾರ್ ಬಡಾವಣೆಯ ಬಡವರ ನಡುವೆ ದಶಕಗಳಿಂದ ದುಡಿಯುತ್ತಿದ್ದ ರೋಸಲಿ ರಾಂದ್ಯು ಎಂಬ ಸಂನ್ಯಾಸಿನಿ. ವಿನ್ಸೆಂಟನೂ ಲೂಯಿಸ್ ದ ಮಾರಿಯಾಕಳೂ ಕೂಡಿ 1633ರಲ್ಲಿ ಸ್ಥಾಪಿಸಿದ ಸೋದರಿಯರ ಪಂಗಡಕ್ಕೆ ಆಕೆ ಸೇರಿದವಳು. ಯಾವ ಮನೆಗೆ ಹೋಗಬೇಕು, ಹೋಗಿ ಏನು ಮಾತನಾಡಬೇಕು, ಏನು ಮಾತನಾಡಬಾರದು ಎಂಬುದನ್ನು ಆಕೆ ಹೇಳಿಕೊಟ್ಟಳು. ರೊಟ್ಟಿಗೂ ಕಲ್ಲಿದ್ದಲಿಗೂ ಚೀಟಿಗಳನ್ನು ಕೊಟ್ಟು ಕಳುಹಿಸಿದಳು. ಸಂಘದ ಕಾರ್ಯವಿಧಾನ ಸರಳವಾಗಿತ್ತು. ಇಬ್ಬಿಬ್ಬರಾಗಿ ಹೋಗುವುದು, ಅದೇ ಮನೆಗೆ ವಾರವಾರವೂ ಹೋಗುವುದು, ಕೂರುವುದು, ಕೇಳುವುದು. ವಾರಕ್ಕೊಮ್ಮೆ ಸದಸ್ಯರು ಸೇರಿ, ಆಧ್ಯಾತ್ಮಿಕ ಗ್ರಂಥದ ಒಂದು ಭಾಗವನ್ನು ಓದಿ, ಕಂಡದ್ದನ್ನು ವರದಿ ಮಾಡುವುದು. ಸಭೆಯ ಕೊನೆಗೆ ಖಜಾಂಚಿಯು ಟೋಪಿ ಹಿಡಿದು ಬರುತ್ತಿದ್ದ; ಪ್ರತಿಯೊಬ್ಬನೂ ತನ್ನಿಂದಾದುದನ್ನು, ಯಾರು ಎಷ್ಟು ಹಾಕಿದರೆಂಬುದು ಯಾರಿಗೂ ಕಾಣದಂತೆ, ಅದರಲ್ಲಿ ಹಾಕುತ್ತಿದ್ದ. ಸಂಬಳವಿಲ್ಲ, ವ್ರತಪ್ರತಿಜ್ಞೆಯಿಲ್ಲ, ಪಾದ್ರಿಯ ಅಧ್ಯಕ್ಷತೆಯೂ ಇಲ್ಲ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವುದು ಎಲ್ಲ ಧರ್ಮಗಳಲ್ಲೂ ಇರುವ ರೂಢಿ. ಶಾಸನಗಳ ಅಧ್ಯಯನ ಮಾಡುವವರು ಆ ರೂಢಿಗೆ ಋಣಿಗಳು ಎಂಬುದೂ ನಿಜವೇ! ಆದರೆ ಈ ಟೋಪಿ ಚರಿತ್ರೆಕಾರನಿಗೆ ಯಾವ ಆಧಾರವನ್ನೂ ಉಳಿಸದಿರಲೆಂದೇ ಹುಟ್ಟಿದ್ದು.

1834ರ ಕೊನೆಯ ವೇಳೆಗೆ ಸದಸ್ಯರ ಸಂಖ್ಯೆ ನೂರನ್ನು ಸಮೀಪಿಸಿತು. ಸಂಘವನ್ನು ಒಡೆದು ಬೇರೆ ಬೇರೆ ಧರ್ಮಕೇಂದ್ರಗಳಲ್ಲಿ ಶಾಖೆಗಳನ್ನು ಮಾಡಬೇಕೆಂದು ಓಜಾನಾಮ್ ಸೂಚಿಸಿದಾಗ ದೊಡ್ಡ ಜಗಳವಾಯಿತು. ವಿರೋಧಿಸಿದವರು ಸಣ್ಣ ಮನಸ್ಸಿನವರಲ್ಲ. ಅವರಿಗೆ ಗೆಳೆತನವನ್ನು ಕಳೆದುಕೊಳ್ಳುವ ಭಯ. ಸೇವೆಗೆ ಅವರು ಬಂದದ್ದೇ ಪರಕೀಯ ನಗರದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ತಮ್ಮ ಶ್ರದ್ಧೆಯನ್ನು ಉಳಿಸಿಕೊಳ್ಳಲು. 1835ರಲ್ಲಿ ಸಂಘ ಒಡೆಯಿತು, ಬೆಳೆಯಿತು. ಸಂಘ ಹುಟ್ಟಿದ್ದು ಬಡತನವನ್ನು ನಿವಾರಿಸುವೆವೆಂಬ ಯೋಜನೆಯಿಂದಲ್ಲ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ. ಕೆಲವು ಯುವಕರು ತಾವು ನಂಬಿದ್ದೇನೆಂದು ತಿಳಿಯಲು ಬಡವರ ಮನೆಯ ಮೆಟ್ಟಿಲು ಹತ್ತಿದರು. ಇಂದಿನ ಲೆಕ್ಕದಲ್ಲಿ ಇದು ಸ್ವಾರ್ಥವೆನಿಸಬಹುದು. ಆದರೆ ಉದ್ಧಾರಕನಾಗಿ ಬರುವವನಿಗಿಂತ ವಿದ್ಯಾರ್ಥಿಯಾಗಿ ಬರುವವನನ್ನು ಬಡವರು ಹೆಚ್ಚು ಸಹಿಸಿಕೊಂಡಾರು.

ಓಜಾನಾಮನ ವಿದ್ವತ್ತಿಗೂ ಈ ಮೆಟ್ಟಿಲುಗಳಿಗೂ ಇರುವ ಸಂಬಂಧವನ್ನು ಗುರುತಿಸುವ ಕೆಲಸ ಸಾಕಷ್ಟು ನಡೆದಿಲ್ಲ. 1833ರಲ್ಲೇ ಇಟಲಿ ಪ್ರವಾಸದಲ್ಲಿ ಆತ ವ್ಯಾಟಿಕನ್ನಿನ ರಾಫೆಲನ ಭಿತ್ತಿಚಿತ್ರದಲ್ಲಿ ಪೋಪರ, ಧರ್ಮಾಚಾರ್ಯರ ಸಾಲಿನ ನಡುವೆ ಡಾಂಟೆ ನಿಂತಿರುವುದನ್ನು ಕಂಡ. ದೇವತಾಶಾಸ್ತ್ರಜ್ಞರ ಮಧ್ಯೆ ಕವಿಗೇನು ಕೆಲಸ ಎಂಬ ಆ ಪ್ರಶ್ನೆಯೇ ಮುಂದೆ ಡಾಂಟೆಯನ್ನು ಕುರಿತ ಅವನ 1839ರ ಪ್ರೌಢಪ್ರಬಂಧವಾಯಿತು. ಫ್ರಾನ್ಸಿಸ್ಕನ್ ಕವಿಗಳನ್ನು ಕುರಿತ 1852ರ ಗ್ರಂಥದಲ್ಲಿ ಆತ ಅಸ್ಸೀಸಿಯ ಫ್ರಾನ್ಸಿಸನಿಂದ ಜಾಕೊಪೊನೆ ದಾ ತೋದಿಯವರೆಗಿನ ಹದಿಮೂರನೆಯ ಶತಮಾನದ ದೇಶಭಾಷಾ ಕಾವ್ಯವನ್ನು ಬಡತನವನ್ನು ವರಿಸಿದವರ ಬದುಕಿನೊಡನೆ ಇಟ್ಟು ಓದಿದ. ಲ್ಯಾಟಿನ್ನಿನ ವಿದ್ವತ್ಸಭೆಯನ್ನು ಬಿಟ್ಟು ಸಂತೆಬೀದಿಗಳ ಭಾಷೆಗೆ ಇಳಿದವರಿಂದ ಹೊಸ ಕಾವ್ಯ ಹುಟ್ಟಿತು ಎಂಬ ಸಂಗತಿ, ಸಂಸ್ಕೃತದ ಮಗ್ಗುಲಲ್ಲಿ ಕನ್ನಡದ ಮಾರ್ಗ ದೇಸಿಗಳ ಚರ್ಚೆಯನ್ನು ಬಲ್ಲವರಿಗೆ ಹೊಸದೇನಲ್ಲ. ಹೊಸದು ಯಾವುದೆಂದರೆ, ಅದನ್ನು ಬರೆದವನು ಮುಂಜಾನೆ ಹಸ್ತಪ್ರತಿಗಳನ್ನೂ ಸಂಜೆ ಆರನೆಯ ಮಹಡಿಯ ಕತ್ತಲ ಕೋಣೆಗಳನ್ನೂ ಒಂದೇ ಕಣ್ಣಿನಿಂದ ಓದುತ್ತಿದ್ದವನು.

ಇದಕ್ಕೆ ಬಲವಾದ ನಿದರ್ಶನ 1848ರದು. ರೋಮ್ ಸಾಮ್ರಾಜ್ಯದ ಪತನಾನಂತರ ಜರ್ಮಾನಿಕ್ ಜನಾಂಗಗಳು ಕ್ರೈಸ್ತಧರ್ಮಕ್ಕೆ ಬಂದ ಚರಿತ್ರೆಯನ್ನು ಓಜಾನಾಮ್ ಆ ಕಾಲದಲ್ಲಿ ಬರೆಯುತ್ತಿದ್ದ. ಅಂದಿನ ಚರ್ಚು ಕುಸಿಯುತ್ತಿದ್ದ ಅರಮನೆಯ ಕಡೆಯಿಂದ ತಿರುಗಿ, ನಾಗರಿಕರು ಬರ್ಬರರೆಂದು ಹಳಿದವರ ಕಡೆಗೆ ನಡೆದುಹೋಯಿತೆಂಬುದು ಅವನ ನಿರೂಪಣೆ. ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಕಟವಾದ ಲೇಖನದಲ್ಲಿ ಆತ ಕ್ಯಾಥೊಲಿಕರಿಗೆ ಕೊಟ್ಟ ಕರೆಯೂ ಅದೇ ರೂಪಕದ್ದು: ಈಗಲೂ ಬರ್ಬರರ ಕಡೆಗೆ ದಾಟಬೇಕು. ಇಲ್ಲಿ ಬರ್ಬರರೆಂದರೆ ಕಾರ್ಖಾನೆಯ ಕೂಲಿಕಾರರು. ಅದೇ ತಿಂಗಳು ಲಂಡನ್ನಿನಲ್ಲಿ ಅಚ್ಚಾದ ಕಮ್ಯುನಿಸ್ಟ್ ಪ್ರಣಾಳಿಕೆ ಕ್ರೈಸ್ತ ಸಮಾಜವಾದವನ್ನು ಲೇವಡಿ ಮಾಡಿದ್ದು ಕಾಕತಾಳೀಯ.

ಲೇವಡಿಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಓಜಾನಾಮ್ ಬೆಳೆದ ಲಿಯೋಂ ರೇಷ್ಮೆ ನೇಕಾರರು 1831ರಲ್ಲೂ 1834ರಲ್ಲೂ ಬಂಡೆದ್ದ ಊರು. ಬಂಡೆದ್ದವರು ಕೇಳಿದ್ದು ಕೂಲಿಯ ದರವನ್ನು. ವಾರಕ್ಕೊಂದು ರೊಟ್ಟಿಯ ಚೀಟಿ ಅದಕ್ಕೆ ಉತ್ತರವಲ್ಲ. ಇದನ್ನು ಓಜಾನಾಮನೂ ಬಲ್ಲವನಾಗಿದ್ದ. 1839-40ರಲ್ಲಿ ಲಿಯೋಂನಲ್ಲಿ ವಾಣಿಜ್ಯ ಕಾನೂನಿನ ಪಾಠ ಹೇಳುವಾಗ ಕೂಲಿಯ ನ್ಯಾಯವನ್ನೂ ಮನುಷ್ಯನಿಂದ ಮನುಷ್ಯನ ಶೋಷಣೆಯನ್ನೂ ಆತ ಪ್ರಸ್ತಾಪಿಸಿದ್ದ. ಲಾಕೊರ್ದೇರ್ ಮೊದಲಾದವರೊಡನೆ ನಡೆಸಿದ ‘ಲೇರ್ ನೂವೆಲ್’ ಪತ್ರಿಕೆಯಲ್ಲಿ 1848ರ ಶರತ್ಕಾಲದಲ್ಲಿ ಆತ ನೆರವಿನ ಎರಡು ಬಗೆಗಳನ್ನು ವಿಂಗಡಿಸಿದ. ಒಂದು ಅವಮಾನಿಸುವ ನೆರವು: ಅದು ಮೇಲಿನಿಂದ ಕೆಳಕ್ಕೆ ಬೀಳುತ್ತದೆ, ಹೊಟ್ಟೆಯನ್ನಷ್ಟೇ ಕಾಣುತ್ತದೆ, ಹಿಂದಕ್ಕೆ ಏನನ್ನೂ ನಿರೀಕ್ಷಿಸುವುದಿಲ್ಲ. ಇನ್ನೊಂದು ಗೌರವಿಸುವ ನೆರವು: ಅಲ್ಲಿ ಕೊಟ್ಟವನೂ ಪಡೆಯುತ್ತಾನೆ, ಪಡೆದವನೂ ಕೊಡುತ್ತಾನೆ, ಇಬ್ಬರೂ ಕೈ ಹಿಡಿಯುತ್ತಾರೆ. ಏನನ್ನೂ ಹಿಂದಕ್ಕೆ ಬಯಸದ ದಾನವೇ ಶ್ರೇಷ್ಠವೆಂಬ ಸಾಮಾನ್ಯ ನಂಬಿಕೆಗೆ ಇದು ನೇರ ವಿರುದ್ಧ. ಬಡವನಿಂದ ಏನನ್ನೂ ನಿರೀಕ್ಷಿಸದಿರುವುದೆಂದರೆ ಅವನಲ್ಲಿ ಕೊಡಲು ಏನೂ ಇಲ್ಲವೆಂದು ತೀರ್ಮಾನಿಸಿದಂತೆ. ಯೋಹಾನನ ಪ್ರಸಂಗದ ಪೇತ್ರನ ಮುಜುಗರ ಇಲ್ಲಿ ತಿರುಗಿ ಕಾಣಿಸಿಕೊಂಡಿದೆ.

ಆದರೂ ಸಂಘದ ದೋಷಗಳನ್ನು ಮುಚ್ಚುವುದು ಸಲ್ಲದು. ಬಡವರ ಮನೆಗೆ ಹೋಗಿ ಕೂರುವ ಭೇಟಿಗಾರ ಎಷ್ಟು ಸುಲಭವಾಗಿ ತನಿಖಾಧಿಕಾರಿಯಾಗಬಲ್ಲನೆಂಬುದಕ್ಕೆ ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಪರೋಪಕಾರದ ಚರಿತ್ರೆಯೇ ಪ್ರಮಾಣ. ಕುಡಿಯುತ್ತಾನೆಯೆ, ಚರ್ಚಿಗೆ ಬರುತ್ತಾನೆಯೆ, ಮದುವೆ ವಿಧಿವತ್ತಾಗಿ ಆಗಿದೆಯೆ ಎಂಬ ಪ್ರಶ್ನೆಗಳು ರೊಟ್ಟಿಯ ಚೀಟಿಯ ಹಿಂದೆಯೇ ಬರುತ್ತಿದ್ದವು. ಗುರುವೆಂದು ಕರೆಸಿಕೊಂಡ ಬಡವ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಾಗುತ್ತಿದ್ದ. ಇನ್ನೊಂದು ವೈಪರೀತ್ಯವನ್ನು ವಿಶೇಷವಾಗಿ ಹೇಳಬೇಕು. ಒಬ್ಬ ಹೆಂಗಸಿನಿಂದ ಮನೆಭೇಟಿಯ ಮೊದಲ ಪಾಠ ಕಲಿತ ಈ ಸಂಘ, ಹೆಂಗಸರನ್ನು ಪೂರ್ಣ ಸದಸ್ಯರಾಗಿ ಒಪ್ಪಿಕೊಂಡದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ! ವಿನ್ಸೆಂಟನ 1617ರ ಸಂಘ ಹೆಂಗಸರದೇ ಆಗಿತ್ತೆಂಬುದನ್ನು ನೆನೆದರೆ ಈ ಮರೆವು ಸಣ್ಣದಲ್ಲ. ಓಜಾನಾಮನ ಹೆಸರಿನಷ್ಟು ರೋಸಲಿ ರಾಂದ್ಯುವಿನ ಹೆಸರು ಇಂದಿಗೂ ಕೇಳಿಬರುವುದಿಲ್ಲ.

ಇಂಥ ಸಂಸ್ಥೆಗಳ ಬಗ್ಗೆ ರಾಜ್ಯಾಧಿಕಾರಕ್ಕೆ ಬೇರೊಂದು ಬಗೆಯ ಭಯವಿತ್ತು. 1861ರಲ್ಲಿ ಮೂರನೆಯ ನೆಪೋಲಿಯನ್ನನ ಮಂತ್ರಿ ಪೆರ್ಸಿನ್ಯಿಯ ಆದೇಶದಿಂದ ಸಂಘದ ಕೇಂದ್ರಮಂಡಲಿ ಚದುರಿಹೋಯಿತು. ಊರೂರಿನ ಸಣ್ಣ ಗುಂಪುಗಳನ್ನು ಒಂದೇ ಎಳೆಯಲ್ಲಿ ಹೆಣೆದಿದ್ದ, ಸರ್ಕಾರದಿಂದ ಸಂಬಳ ಪಡೆಯದ ಜನರ ಜಾಲ ಸಾಮ್ರಾಟನಿಗೆ ಹಿಡಿಸಲಿಲ್ಲ.

ಮತಾಂತರದ ಆಕ್ಷೇಪಕ್ಕೆ ಮರಳಬೇಕು. ಅದನ್ನು ಬದಿಗೆ ಸರಿಸಿ ಮುಂದೆ ಹೋಗುವುದು ಪ್ರಾಮಾಣಿಕವಲ್ಲ. ಸೇವೆಯನ್ನು ಗಾಳವಾಗಿ ಬಳಸಿದ ನಿದರ್ಶನಗಳು ಕ್ರೈಸ್ತ ಚರಿತ್ರೆಯಲ್ಲಿ ಇಲ್ಲದಿಲ್ಲ. ಅದಕ್ಕೆ ಅತ್ಯಂತ ಕಠಿಣವಾದ ವಿಮರ್ಶೆ ಹೊರಗಿನವರಿಂದ ಬಂದದ್ದಲ್ಲ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿಯೇ ಇದೆ. ಅಂತ್ಯನ್ಯಾಯದ ಆ ಪ್ರಸಂಗದಲ್ಲಿ ಅರಸನು ಜನರನ್ನು ಎರಡಾಗಿ ವಿಂಗಡಿಸುತ್ತಾನೆ. ಹಸಿದವನಿಗೆ ಉಣಿಸಿದವರು, ಪರದೇಶಿಗೆ ಆಶ್ರಯ ಕೊಟ್ಟವರು, ಸೆರೆಯಲ್ಲಿದ್ದವನನ್ನು ನೋಡಲು ಹೋದವರು ಒಂದು ಕಡೆ. ಹಾಗೆ ಮಾಡದವರು ಇನ್ನೊಂದು ಕಡೆ. ಧರ್ಮೋಪದೇಶಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಆದರೆ ಕಥೆಯ ಜೀವವಿರುವುದು ಆಮೇಲಿನ ಸಂಭಾಷಣೆಯಲ್ಲಿ. ಅರಸನು, ನೀವು ಮಾಡಿದ್ದು ನನಗೇ ಎಂದಾಗ ಎರಡೂ ಗುಂಪಿನವರು ಒಂದೇ ಪ್ರಶ್ನೆ ಕೇಳುತ್ತಾರೆ: ನಿನ್ನನ್ನು ಯಾವಾಗ ಕಂಡೆವು? ಮಾಡಿದವರಿಗೂ ಗೊತ್ತಿರಲಿಲ್ಲ, ಮಾಡದವರಿಗೂ ಗೊತ್ತಿರಲಿಲ್ಲ. ಅಭಿಜ್ಞಾನದ ಸನ್ನಿವೇಶಗಳಲ್ಲಿ ಸಾಮಾನ್ಯವಾಗಿ ಅರಿವು ಬಂದ ಮೇಲೆ ಪಾತ್ರಗಳ ಸಂಬಂಧ ಸರಿಹೋಗುತ್ತದೆ. ಉಂಗುರ ಕಂಡ ದುಷ್ಯಂತನಿಗ ಶಕುಂತಲೆಯ ನೆನಪು ಮರಳಿದಂತೆ. ಇಲ್ಲಿ ಅರಿವು ಬರುವ ಹೊತ್ತಿಗೆ ಎಲ್ಲವೂ ಮುಗಿದಿದೆ. ಅರಿಯದೆ ಮಾಡಿದ್ದಷ್ಟೇ ಲೆಕ್ಕಕ್ಕೆ ಬಂದಿದೆ. ಈತ ಯಾರೆಂದು ತಿಳಿದು, ಇವನಿಂದ ಏನಾದೀತೆಂದು ಎಣಿಸಿ ಅನ್ನವಿಟ್ಟವನಿಗೆ ಆ ಕಥೆಯಲ್ಲಿ ಸ್ಥಾನವೇ ಇಲ್ಲ. ಮತಾಂತರಕ್ಕಾಗಿ ಸೇವೆ, ಪುಣ್ಯಕ್ಕಾಗಿ ಸೇವೆ, ಹೆಸರಿಗಾಗಿ ಸೇವೆ ಎಂಬ ಮೂರೂ ಒಂದೇ ತಕ್ಕಡಿಯಲ್ಲಿ ತೂಗಿಹೋಗುತ್ತವೆ.

ವಿನ್ಸೆಂಟ್ ದೆ ಪಾಲ್ ಸಂಘ ಭಾರತಕ್ಕೆ ಬಂದದ್ದು 1863ರಲ್ಲಿ. ಮಂಗಳೂರು, ಬೆಂಗಳೂರು ಧರ್ಮಪ್ರಾಂತಗಳ ಅನೇಕ ಇಗರ್ಜಿಗಳಲ್ಲಿ ಅದರ ಘಟಕಗಳು ಇಂದಿಗೂ ಕೆಲಸ ಮಾಡುತ್ತಿವೆ. ವಿಧವೆಗೆ ತಿಂಗಳ ಅಕ್ಕಿ, ಹುಡುಗನ ಶಾಲೆಯ ಶುಲ್ಕ, ಸೋರುವ ಮಾಡಿಗೆ ಹಂಚು ಎಂಬ ಮಟ್ಟದ ಕೆಲಸಗಳು ಇಂಥ ಘಟಕಗಳ ಪಾಲಿನವು. ಸಭೆಯ ನಡಾವಳಿಯನ್ನು ಬರೆದಿಡುವುದು ಸಂಘದ ಹಳೆಯ ಪದ್ಧತಿ. ಮಿಷನರಿಗಳ ಪತ್ರಗಳನ್ನೂ ಬಾಸೆಲ್ಲಿನ ದಾಖಲೆಗಳನ್ನೂ ಹುಡುಕಿಕೊಂಡು ಹೋಗುವ ಸಂಶೋಧಕರು, ತಮ್ಮ ಊರಿನ ಗೃಹಸ್ಥರು ಬರೆದಿಟ್ಟ ಇಂಥ ಪುಸ್ತಕಗಳ ಕಡೆಗೂ ತಿರುಗಬೇಕು. ಒಂದು ಕುಟುಂಬದ ಬಡತನವನ್ನು ನೆರೆಯವನೊಬ್ಬ ಯಾವ ಶಬ್ದಗಳಲ್ಲಿ ದಾಖಲಿಸಿದ, ಅಲ್ಲಿ ‘ಅರ್ಹ’ ಎಂಬ ಪದ ಎಷ್ಟು ಸಲ ಬಂದಿದೆ, ಬಡವನ ಮಾತು ಎಂದಾದರೂ ಅವನ ಬಾಯಿಂದಲೇ ಬಂದಿದೆಯೆ ಎಂಬುದನ್ನು ನೋಡುವುದು ಭಾಷೆಯ ವಿದ್ಯಾರ್ಥಿಯ ಕೆಲಸ, ಸಮಾಜಶಾಸ್ತ್ರಜ್ಞನದು ಮಾತ್ರವಲ್ಲ. ಸೇವೆಗೆ ಹೋದವನು ಕಲಿಯಲು ಹೋದನೋ ಪರೀಕ್ಷಿಸಲು ಹೋದನೋ ಎಂಬುದು ಅವನ ವಾಕ್ಯಗಳಲ್ಲಿಯೇ ಬಯಲಾಗುತ್ತದೆ.

ಇದೇ ಅಳತೆಗೋಲನ್ನು ಇಂದಿನ ಸ್ವಯಂಸೇವೆಗೂ ಹಚ್ಚಬಹುದು. ಕಾಲೇಜುಗಳಲ್ಲಿ ಸೇವೆಯ ಗಂಟೆಗಳನ್ನು ಎಣಿಸಿ ಪ್ರಮಾಣಪತ್ರ ಕೊಡುವುದು, ಚರ್ಚುಗಳ, ಮಠಗಳ, ಬಸದಿಗಳ ಶಿಬಿರಗಳಲ್ಲಿ ಬ್ಯಾನರಿನ ಮುಂದೆ ಅನ್ನದ ಪೊಟ್ಟಣ ಹಿಡಿದು ಚಿತ್ರ ತೆಗೆಸಿಕೊಳ್ಳುವುದು ಈಗ ಸರ್ವಧರ್ಮಸಮ್ಮತವಾದ ಆಚಾರ. ಇವುಗಳಿಂದ ಹಸಿದವರ ಹೊಟ್ಟೆ ತುಂಬುವುದಿಲ್ಲವೆಂದಲ್ಲ, ಖಂಡಿತ ತುಂಬುತ್ತದೆ. ಕೊರತೆಯಿರುವುದು ಅನ್ನವಿಕ್ಕಿದವನ ಪಾಲಿಗೆ: ಅದೇ ಮನೆಗೆ ಎರಡನೆಯ ವಾರ ಹೋಗುವ ಕಟ್ಟುಪಾಡು ಅವನಿಗಿಲ್ಲ. ವಿನ್ಸೆಂಟನ ನಿಯಮದಂತೆ ಒಂಟಿ ರೋಗಿಯ ಸರದಿಯನ್ನು ಕೊನೆಗಿಟ್ಟು ಅಲ್ಲಿ ಕೂರುವ ಬಿಡುವೂ ಇಲ್ಲ. ಮರಳಿ ಹೋಗದ ಮನೆಯಿಂದ ಕಲಿಯುವುದು ಕಷ್ಟ.

ಓಜಾನಾಮ್ ತನ್ನ ಸಂಘದ ಮಹಾಧ್ಯಕ್ಷನಾಗಿ ಎಂದೂ ಇರಲಿಲ್ಲ. ಆ ಸ್ಥಾನದಲ್ಲಿ ಬೈಯಿಯೂ ಅವನ ನಂತರ ಬೇರೆಯವರೂ ಇದ್ದರು. 1997ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್‌ನಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಅವನನ್ನು ಪುನೀತನೆಂದು ಘೋಷಿಸಿದ ಮೇಲೆ ಚರ್ಚು ಅವನನ್ನು ಸೇವಾಮೂರ್ತಿಯಾಗಿ ನೆನೆಯುತ್ತದೆ, ಅವನ ಡಾಂಟೆಯನ್ನು ಮರೆತಿದೆ. ಸಾಹಿತ್ಯಚರಿತ್ರೆಯಲ್ಲಿ ಡಾಂಟೆ ವಿಮರ್ಶೆಯ ಹಳೆಯ ಹೆಸರುಗಳ ಪಟ್ಟಿಯಲ್ಲಿ ಅವನಿದ್ದಾನೆ, ಅಲ್ಲಿ ಅವನ ಮನೆಭೇಟಿಗಳ ಸುದ್ದಿಯಿಲ್ಲ. ಅವನ ಕೊನೆಯ ತಿಂಗಳುಗಳಲ್ಲಿ ಈ ಭೇದ ಇರಲಿಲ್ಲ. ಆರೋಗ್ಯ ಕೆಟ್ಟು, ಪಾಠ ನಿಂತು, ಹವೆ ಬದಲಾವಣೆಗೆಂದು ಇಟಲಿಯ ಪೀಸಾಕ್ಕೆ ಹೋದಾಗ ಆತ ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತ. ಟಸ್ಕನಿಯಲ್ಲಿ ಸಂಘದ ಶಾಖೆಗಳಿಗೆ ಸರ್ಕಾರದ ಅನುಮತಿ ದೊರೆಯುವಂತೆ ಓಡಾಡಿದ. ಫ್ಲಾರೆನ್ಸಿನ ಸದಸ್ಯರಿಗೆ 1833ರ ಆ ಚರ್ಚಾಗೋಷ್ಠಿಯ ಕಥೆಯನ್ನು, ಎದುರು ಪಕ್ಷದವರ ಪ್ರಶ್ನೆಯನ್ನೂ ಬಿಡದೆ, ಹೇಳಿದ. ಹಡಗಿನಲ್ಲಿ ಫ್ರಾನ್ಸಿಗೆ ಮರಳಿ ಬಂದ ಕೆಲವೇ ದಿನಗಳಲ್ಲಿ, 1853ರ ಸೆಪ್ಟೆಂಬರ್ 8ರಂದು, ಮಾರ್ಸೆಯಲ್ಲಿ ತೀರಿಕೊಂಡ. ಆಗ ಅವನಿಗೆ ನಲವತ್ತು ವರ್ಷ.